ಇಲ್ಲದ ಸುಲ್ತಾನನ ಬಗ್ಗೆ ಆಡಿದ ಮಾತು ಸುಳ್ಳೇ?

ನೀವು ಕೇಳಿದ್ದು: "ವಿಜಯಪುರದ ಈಗಿನ ಸುಲ್ತಾನ ಬೊಕ್ಕತಲೆಯವ" ಎಂದರೆ ಅದು ಸುಳ್ಳೋ, ಅಥವಾ ನಿಜವೂ ಸುಳ್ಳೂ ಅಲ್ಲವೋ? ಸುಳ್ಳು ಎಂದೇ ನನ್ನ ಉತ್ತರ. 1686ರಲ್ಲಿ ಔರಂಗಜೇಬ ಊರು ಗೆದ್ದಾಗ ಕೊನೆಯ ಸುಲ್ತಾನ ಸಿಕಂದರನೊಂದಿಗೆ ಆದಿಲಶಾಹಿ ಆಳ್ವಿಕೆ ಮುಗಿಯಿತು. ಈಗ ಅಲ್ಲಿ ಸುಲ್ತಾನನಿಲ್ಲ.

ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ 1905ರಲ್ಲಿ "ಫ್ರಾನ್ಸಿನ ಈಗಿನ ರಾಜ ಬೊಕ್ಕತಲೆಯವ" ಎಂಬ ಉದಾಹರಣೆ ಇಟ್ಟುಕೊಂಡು ಈ ದಾರಿ ತೋರಿಸಿದರು; ಆಗಲೂ ಫ್ರಾನ್ಸಿಗೆ ರಾಜನಿರಲಿಲ್ಲ. "ಈಗಿನ ಸುಲ್ತಾನ" ಎಂಬುದು ನಿರ್ದಿಷ್ಟ ವರ್ಣನೆ, ಅಂದರೆ ಒಬ್ಬನನ್ನೇ ಗುರುತಿಸುವಂಥ ಪದಗುಚ್ಛ; ಅದನ್ನು ಹೆಸರಿನಂತೆ ಓದಬೇಡಿ, ವಾಕ್ಯವನ್ನೇ ಬಿಡಿಸಿ: ಈಗ ವಿಜಯಪುರಕ್ಕೆ ಒಬ್ಬನಾದರೂ ಸುಲ್ತಾನನಿದ್ದಾನೆ, ಒಬ್ಬನಿಗಿಂತ ಹೆಚ್ಚಿಲ್ಲ, ಅವನು ಬೊಕ್ಕತಲೆಯವ. ಮೂರರಲ್ಲಿ ಯಾವುದು ಬಿದ್ದರೂ ಇಡೀ ವಾಕ್ಯ ಸುಳ್ಳು. ಇಲ್ಲಿ ಮೊದಲನೆಯದೇ ಬಿತ್ತು.

ಬಹಳ ಮಂದಿ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಹಾಗಾದರೆ "ಈಗಿನ ಸುಲ್ತಾನ ಬೊಕ್ಕತಲೆಯವನಲ್ಲ" ಎಂಬುದು ನಿಜವಾಗಬೇಕು, ಅವನಿಗೆ ತಲೆ ತುಂಬ ಕೂದಲಿರಬೇಕು ಎಂದುಕೊಳ್ಳುತ್ತಾರೆ. "ಅಲ್ಲ" ಎಂಬುದರ ವ್ಯಾಪ್ತಿ ಎಷ್ಟು ಎಂದು ನೋಡಿ. ಮೂರು ಭಾಗಗಳನ್ನೂ ಆವರಣದೊಳಗೆ ಬರೆದು, "ಅಲ್ಲ" ಎಂಬುದನ್ನು ಆವರಣದ ಹೊರಗಿಟ್ಟರೆ ವಾಕ್ಯ ನಿಜ. ಮೂರನೆಯ ಭಾಗದೊಳಗೆ ಮಾತ್ರ ಇಟ್ಟರೆ ಮತ್ತೆ ಸುಳ್ಳು, ಏಕೆಂದರೆ ಮೊದಲ ಭಾಗ ಹಾಗೇ ಉಳಿಯಿತು. ಕೂದಲಿನ ತೊಡಕು ಈ ಎರಡನೆಯ ಓದಿನಿಂದ ಹುಟ್ಟಿದ್ದು.

ನಿಜವೂ ಅಲ್ಲ ಸುಳ್ಳೂ ಅಲ್ಲ ಎಂಬ ನಿಮ್ಮ ಅನುಮಾನಕ್ಕೆ ತತ್ತ್ವಜ್ಞಾನಿ ಪಿ. ಎಫ್. ಸ್ಟ್ರಾಸನ್ ಬೆಂಬಲವಿದೆ. ಸುಲ್ತಾನನಿದ್ದಾನೆ ಎಂಬುದನ್ನು ವಾಕ್ಯ ಹೇಳುವುದಿಲ್ಲ, ಮೊದಲೇ ಒಪ್ಪಿಕೊಂಡಿರುತ್ತದೆ, ಆದ್ದರಿಂದ ಅದು ತಪ್ಪಿದಾಗ ನಿಜ-ಸುಳ್ಳಿನ ಪ್ರಶ್ನೆಯೇ ಏಳುವುದಿಲ್ಲ ಎಂದು ಅವರು 1950ರಲ್ಲಿ ವಾದಿಸಿದರು. ಆದರೆ "ನಿನ್ನೆ ಗೋಳಗುಮ್ಮಟ ನೋಡಲು ವಿಜಯಪುರದ ಈಗಿನ ಸುಲ್ತಾನ ಬಂದಿದ್ದ" ಎಂದು ಹೇಳಿ ನೋಡಿ. ತಡವರಿಸದೆ ಸುಳ್ಳು ಎನ್ನುತ್ತೀರಿ, ಏಕೆಂದರೆ ಇಲ್ಲಿ ಮಾತಿನ ವಿಷಯ ಗುಮ್ಮಟ. ಇಂಥ ಉದಾಹರಣೆಯನ್ನು 1964ರಲ್ಲಿ ಸ್ಟ್ರಾಸನ್ ಅವರೇ ಎತ್ತಿಕೊಂಡರು. ವಿಷಯ ಬದಲಾದಂತೆ ಬದಲಾಗುವ ಅನಿಸಿಕೆಯ ಮೇಲೆ ವಾಕ್ಯಾರ್ಥವನ್ನು ನಿಲ್ಲಿಸಲು ನನಗೆ ಒಪ್ಪಿಗೆಯಿಲ್ಲ.

ರಸೆಲ್ ಓದಿಗೆ ಇದಕ್ಕಿಂತ ಗಟ್ಟಿಯಾದ ಆಕ್ಷೇಪ 1966ರಲ್ಲಿ ತತ್ತ್ವಜ್ಞಾನಿ ಕೀತ್ ಡಾನೆಲನ್ ತಂದದ್ದು. ವಿಜಯಪುರದ ಇಬ್ರಾಹಿಂ ರೋಜಾ ಸ್ಮಾರಕದಲ್ಲಿ ಯಾರೋ "ಛತ್ರಿ ಹಿಡಿದಿರೋ ಗೈಡ್ ಭಾಳ ಚಲೋ ಹೇಳ್ತಾರ" ಎಂದರೆನ್ನಿ. ಆ ಗೈಡ್ ಕೈಯಲ್ಲಿರುವುದು ಕೋಲು. ಆದರೂ ಯಾರ ಬಗ್ಗೆ ಮಾತು ಎಂದು ಕೇಳಿದವರಿಗೆ ತಿಳಿಯಿತು, ಹೊಗಳಿಕೆಯೂ ಸರಿ. ಆದರೆ ಛತ್ರಿ ಹಿಡಿದ ಗೈಡ್ ಅಲ್ಲಿ ಯಾರೂ ಇಲ್ಲದಿದ್ದರೆ ರಸೆಲ್ ಓದಿನಲ್ಲಿ ಈ ಮಾತು ಸುಳ್ಳು. ಇದಕ್ಕೆ ತತ್ತ್ವಜ್ಞಾನಿ ಸಾಲ್ ಕ್ರಿಪ್ಕಿ 1977ರಲ್ಲಿ ಕೊಟ್ಟ ಪರಿಹಾರ ನನಗೆ ಸರಿ ಕಾಣುತ್ತದೆ: ಆಡಿದವರು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು ಎಂಬುದು ಒಂದು, ಅವರಾಡಿದ ಪದಗಳು ಯಾರಿಗೆ ಹೊಂದುತ್ತವೆ ಎಂಬುದು ಇನ್ನೊಂದು. ಅದೇ ಅಂಗಳದ ಮೂಲೆಯಲ್ಲಿ ನಿಜಕ್ಕೂ ಛತ್ರಿ ಹಿಡಿದ ಗೈಡ್ ಒಬ್ಬರೇ ಇದ್ದು, ಅವರು ತಡವರಿಸುತ್ತಾ ವಿವರಿಸುತ್ತಿದ್ದರೆ, ವಾಕ್ಯ ಸುಳ್ಳಾಗುವುದು ಅವರಿಂದ.