ಅಣ್ಣನನ್ನು ಮನೆಗೆ ಕರೆತರಲೇ?

ಪ್ರಶ್ನೆ: ನನಗೆ 38 ವರ್ಷ, ಅಣ್ಣನಿಗೆ 45. ಅವನಿಗೆ ಆಟಿಸಂ ಇದೆ. ನಾನು ಐದು ವರ್ಷದವನಿದ್ದಾಗ ಅವನು ತಳ್ಳಿ, ಬಿದ್ದು ನನ್ನ ಹಣೆ ಒಡೆದಿತ್ತಂತೆ. ಅದಾದ ಕೆಲವೇ ವಾರಗಳಲ್ಲಿ ಅವನನ್ನು ದೂರದ ವಸತಿ ಕೇಂದ್ರಕ್ಕೆ ಸೇರಿಸಿದರು. ಅಪ್ಪ ಮಾತ್ರ ಹೋಗಿಬರುತ್ತಿದ್ದರು. ಮನೆಯಲ್ಲಿ ಅವನ ಮಾತು ಬರುತ್ತಿರಲಿಲ್ಲ, ನನ್ನ ಮದುವೆಯ ಮಾತುಕತೆಯಲ್ಲೂ ಮುಚ್ಚಿಟ್ಟರು. ಕಳೆದ ವರ್ಷ ಅಪ್ಪ ತೀರಿಕೊಂಡರು. ಸ್ವಂತ ದುಡಿಮೆಯ ಮನೆಯನ್ನೂ ಠೇವಣಿಯ ಬಹುಪಾಲನ್ನೂ ಅಣ್ಣನ ಹೆಸರಿಗೆ ಉಯಿಲು ಬರೆದಿದ್ದಾರೆ. ಮೊದಲು ಸಿಟ್ಟು ಬಂತು. ಈಚೆಗೆ ‘ರೇನ್ ಮ್ಯಾನ್’ ಚಿತ್ರ ನೋಡಿ ತುಂಬ ಅತ್ತೆ. ಅಣ್ಣನನ್ನು ಹತ್ತು ದಿನ ಕಾರಿನಲ್ಲಿ ಸುತ್ತಾಡಿಸಿ, ನಂತರ ಬೆಂಗಳೂರಿನ ನಮ್ಮ ಮನೆಯಲ್ಲೇ ಇಟ್ಟುಕೊಳ್ಳಬೇಕೆಂದಿದ್ದೇನೆ. ನೋಡಲು ಹೋದರೆ ಅವನು ನನ್ನತ್ತ ಮುಖವನ್ನೂ ತಿರುಗಿಸಲಿಲ್ಲ. ಹೆಂಡತಿಗೆ ಭಯ, ಅಮ್ಮ ಅಳುತ್ತಾರೆ. ಅವನಲ್ಲೂ ಚಿತ್ರದಲ್ಲಿರುವಂಥ ವಿಶೇಷ ಶಕ್ತಿ ಇರಬಹುದೇ? ನನ್ನ ಉದ್ದೇಶ ಶುದ್ಧವೇ ಎಂಬ ಅನುಮಾನವೂ ಕಾಡುತ್ತಿದೆ.
– ಹೆಸರು ಬೇಡ

ಉತ್ತರ: ಈಗಲೇ ಕರೆತರಬೇಡಿ. ಹತ್ತು ದಿನಗಳ ಪ್ರವಾಸವೂ ಬೇಡ. ನಿಮ್ಮ ಮನಸ್ಸು ಕರಗಿದ್ದು ಒಳ್ಳೆಯದೇ ಆಯಿತು, ಆದರೆ ಕರಗಿದ ಮನಸ್ಸಿನ ಅವಸರವನ್ನು ನಿಮ್ಮ ಅಣ್ಣ ಹೊರಬೇಕಾಗಿ ಬರಬಾರದು.

ನಿಮ್ಮನ್ನು ಅಳಿಸಿದ ಚಿತ್ರವನ್ನೇ ಇನ್ನೊಮ್ಮೆ ನೆನೆಸಿಕೊಳ್ಳಿ. 1988ರಲ್ಲಿ ಬ್ಯಾರಿ ಲೆವಿನ್‌ಸನ್ ನಿರ್ದೇಶಿಸಿದ ಆ ಚಿತ್ರದಲ್ಲಿ ತಮ್ಮ ಚಾರ್ಲಿಯು ಅಣ್ಣ ರೇಮಂಡ್‌ನನ್ನು ಸಿನ್ಸಿನಾಟಿಯ ಸಂಸ್ಥೆಯಿಂದ ಯಾರ ಅನುಮತಿಯೂ ಇಲ್ಲದೆ ಕರೆದೊಯ್ಯುವುದು ಪ್ರೀತಿಯಿಂದಲ್ಲ. ಅಪ್ಪ ಅಣ್ಣನಿಗಾಗಿ ಬಿಟ್ಟುಹೋದ 30 ಲಕ್ಷ ಡಾಲರ್‌ನಲ್ಲಿ ಅರ್ಧ ಕಿತ್ತುಕೊಳ್ಳಲು. ಕಾರಿನ ಪ್ರಯಾಣವೂ ಯಾರೂ ಬಯಸಿದ್ದಲ್ಲ: ವಿಮಾನ ಹತ್ತಬೇಕೆಂದಾಗ ರೇಮಂಡ್ ನಿಲ್ದಾಣದಲ್ಲೇ ಚೀರಿಕೊಂಡದ್ದರಿಂದ ಬೇರೆ ದಾರಿ ಇರಲಿಲ್ಲ. ಆ ದಾರಿಯುದ್ದಕ್ಕೂ ಬದಲಾದವನು ಚಾರ್ಲಿಯೇ ಹೊರತು ರೇಮಂಡ್ ಅಲ್ಲ. ಯಾವ ಹೊತ್ತಿಗೆ ಯಾವ ಟೀವಿ ಕಾರ್ಯಕ್ರಮ, ಯಾವ ದಿನ ಯಾವ ಊಟ, ಮಳೆ ಬಂದರೆ ಹೊರಗೆ ಕಾಲಿಡುವುದಿಲ್ಲ ಎಂಬುದನ್ನೆಲ್ಲ ಮೊದಲು ಗೊಣಗುತ್ತ, ಆಮೇಲೆ ಗೊಣಗದೆ ಕಲಿತದ್ದರಿಂದಲೇ ಅವರಿಬ್ಬರ ನಡುವೆ ಏನೋ ಹುಟ್ಟಿತು. ಲಾಸ್ ಏಂಜಲೀಸ್ ತಲುಪಿದ ಮೇಲೆ ಏನಾಯಿತು? ಅಡುಗೆಮನೆಯಲ್ಲಿ ಹೊಗೆಯಾಗಿ ಎಚ್ಚರಿಕೆಯ ಗಂಟೆ ಹೊಡೆದುಕೊಂಡಾಗ ರೇಮಂಡ್ ತಲೆ ಚಚ್ಚಿಕೊಳ್ಳಲಾರಂಭಿಸುತ್ತಾನೆ. ಕೊನೆಗೆ ಅವನು ಮರಳುವುದು ತನ್ನ ಸಂಸ್ಥೆಗೇ. ಚಾರ್ಲಿ ಎರಡು ವಾರದಲ್ಲಿ ಬಂದು ನೋಡುವುದಾಗಿ ಹೇಳಿ ಅವನನ್ನು ರೈಲು ಹತ್ತಿಸುತ್ತಾನೆ. ನೀವು ಆ ಚಿತ್ರದಿಂದ ಪ್ರಯಾಣವನ್ನು ಎತ್ತಿಕೊಂಡಿದ್ದೀರಿ. ನಾನಾಗಿದ್ದರೆ ಎರಡು ವಾರಕ್ಕೊಮ್ಮೆಯ ಆ ಭೇಟಿಯನ್ನು ಎತ್ತಿಕೊಳ್ಳುತ್ತಿದ್ದೆ.

ಹಾಗಾದರೆ ಭೇಟಿ ಹೇಗಿರಬೇಕು? ದಿನವೂ ಗಂಟೆಯೂ ನಿಗದಿಯಾಗಿರಲಿ. ಎರಡನೆಯ ಮತ್ತು ನಾಲ್ಕನೆಯ ಶನಿವಾರ ಹನ್ನೊಂದಕ್ಕೆ ಎಂದರೆ ಹನ್ನೊಂದಕ್ಕೇ ಹೋಗಬೇಕು. ಹಿಂದಿನ ದಿನ ಕೇಂದ್ರದವರು ನಿಮ್ಮ ಫೋಟೊ ತೋರಿಸಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ತಮ್ಮ ಬರುತ್ತಾನೆ ಎಂದು ಹೇಳಿರಲಿ. ಮೊದಮೊದಲು ಅರ್ಧ ಗಂಟೆ ಸಾಕು. ಎದುರಿಗೆ ಕೂತು ಮುಖ ನೋಡುತ್ತ ಪ್ರಶ್ನೆ ಕೇಳಬೇಡಿ, ‘ನಾನ್ಯಾರು ಹೇಳು ನೋಡೋಣ’ ಎಂದು ಪರೀಕ್ಷೆಯಂತೂ ಮಾಡಲೇಬೇಡಿ. ಪಕ್ಕದಲ್ಲಿ ಕುಳಿತು, ಅವರು ಕಾಗದದ ಕವರು ಅಂಟಿಸುತ್ತಿದ್ದರೆ ನೀವೂ ಅಂಟಿಸಿ. ಬಟ್ಟೆ ಮಡಚುತ್ತಿದ್ದರೆ ನೀವೂ ಮಡಚಿ. ಮುಟ್ಟುವುದು, ತಬ್ಬಿಕೊಳ್ಳುವುದು ಅವರಾಗಿ ಬಯಸಿದರೆ ಮಾತ್ರ. ಆಟಿಸಂ ಇರುವ ಅನೇಕರಿಗೆ ಇನ್ನೊಬ್ಬರ ಕಣ್ಣಿನಲ್ಲಿ ಕಣ್ಣಿಡುವುದೇ ಹಿಂಸೆ. ಆದ್ದರಿಂದ ಮುಖ ತಿರುಗಿಸದಿದ್ದುದನ್ನು ತಿರಸ್ಕಾರವೆಂದು ತಿಳಿಯಬೇಡಿ. ನೀವು ಇರುವ ಕೋಣೆಯಿಂದ ಅವರು ಎದ್ದು ಹೋಗಲಿಲ್ಲ ಎಂದಾದರೆ ಅದನ್ನೇ ದೊಡ್ಡ ಸಂಗತಿಯೆಂದು ನಾನು ಎಣಿಸುತ್ತೇನೆ.

ಚಿತ್ರದಲ್ಲಿ ರೇಮಂಡ್ ಕಳವಳಗೊಂಡಾಗಲೆಲ್ಲ ಹಳೆಯ ಹಾಸ್ಯ ಪ್ರಹಸನವೊಂದರ ಸಂಭಾಷಣೆಯನ್ನು ನಗುವಿಲ್ಲದೆ ಒಪ್ಪಿಸುತ್ತಿರುತ್ತಾನೆ, ಚಾರ್ಲಿಗೆ ಅದು ಬಹುಕಾಲ ಕಿರಿಕಿರಿಯ ಹರಟೆಯಾಗಿಯೇ ಕೇಳಿಸುತ್ತದೆ. ನಿಮ್ಮ ಅಣ್ಣನಿಗೂ ಅಂಥ ಮಾತೋ ಗುನುಗೋ ಕೈಯಾಡಿಸುವಿಕೆಯೋ ಇದ್ದೀತು. ಅದು ಸಂತೋಷಕ್ಕೆ ಬರುತ್ತದೆಯೇ, ಹೆದರಿಕೆಗೆ ಬರುತ್ತದೆಯೇ, ಹೊಟ್ಟೆನೋವಿಗೆ ಬರುತ್ತದೆಯೇ ಎಂಬುದು ಅಲ್ಲಿ ವರ್ಷಗಟ್ಟಲೆ ಅವರನ್ನು ನೋಡಿಕೊಂಡ ಆಯಾಗೆ, ಅಡುಗೆಯವರಿಗೆ, ಶಿಕ್ಷಕರಿಗೆ ಗೊತ್ತಿರುತ್ತದೆ. ಮೊದಲ ತಿಂಗಳುಗಳಲ್ಲಿ ಅಣ್ಣನೊಂದಿಗೆ ಮಾತಾಡುವುದಕ್ಕಿಂತ ಹೆಚ್ಚಾಗಿ ಅವರೊಂದಿಗೆ ಮಾತಾಡಿ, ಬರೆದಿಟ್ಟುಕೊಳ್ಳಿ.

ವಿಶೇಷ ಶಕ್ತಿಯ ಪ್ರಶ್ನೆಯನ್ನು ಬದಿಗಿಡಿ. ಚಿತ್ರಕಥೆಯ ಲೇಖಕ ಬ್ಯಾರಿ ಮಾರೊ ಅವರಿಗೆ ಸ್ಫೂರ್ತಿಯಾದವರು ಸಾವಿರಾರು ಪುಸ್ತಕಗಳನ್ನು ನೆನಪಿಟ್ಟುಕೊಂಡಿದ್ದ ಅಮೆರಿಕದ ಕಿಮ್ ಪೀಕ್. ಅವರ ಸ್ಥಿತಿ ಆಟಿಸಂ ಆಗಿರಲಿಲ್ಲವೆಂದು ತಜ್ಞರು ನಂತರ ಅಭಿಪ್ರಾಯಪಟ್ಟರು. ಆಟಿಸಂ ಇರುವ ಬಹುಪಾಲು ಜನರಲ್ಲಿ ಅಂಥ ಅಸಾಧಾರಣ ಸ್ಮರಣೆಯಾಗಲಿ ಲೆಕ್ಕದ ಶಕ್ತಿಯಾಗಲಿ ಇರುವುದಿಲ್ಲ. ಅಣ್ಣನಲ್ಲಿ ಅದನ್ನು ಹುಡುಕಿ, ಸಿಗದೆ ನಿರಾಶರಾದರೆ ಆ ಭಾರವನ್ನೂ ಅವರ ಮೇಲೆ ಹೊರಿಸಿದಂತಾಗುತ್ತದೆ.

ಇನ್ನು ಮನೆಗೆ ಕರೆತರುವ ಮಾತು. 33 ವರ್ಷ ಒಂದೇ ಕಡೆ ಇದ್ದವರಿಗೆ ಅದೇ ಮನೆ. ಬೇರೂರಿದ ಮರವನ್ನು ಪ್ರೀತಿಯಿಂದ ಕಿತ್ತರೂ ಕಿತ್ತದ್ದೇ ಆಯಿತು. ನಿಮ್ಮ ಅಪಾರ್ಟ್‌ಮೆಂಟಿನ ಲಿಫ್ಟು, ಕುಕ್ಕರಿನ ಸೀಟಿ, ಮಿಕ್ಸಿ, ಹೊತ್ತುಗೊತ್ತಿಲ್ಲದ ಕರೆಗಂಟೆ ಇವೆಲ್ಲ ಅವರಿಗೆ ಏನು ಮಾಡಬಹುದೆಂಬುದು ಇನ್ನೂ ನಿಮಗೆ ತಿಳಿಯದು. ನಿಮ್ಮ ಹೆಂಡತಿಯ ಭಯವನ್ನು ಕಲ್ಲುಮನಸ್ಸೆಂದು ಎಣಿಸಬೇಡಿ: ನೀವು ಕಚೇರಿಗೆ ಹೋದ ಮೇಲೆ ಆ ಹತ್ತು ಗಂಟೆ ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ನಿಮ್ಮ ಪತ್ರ ಎಲ್ಲಿಯೂ ಹೇಳಿಲ್ಲ, ಅವರು ಹೇಳದೆಯೇ ಲೆಕ್ಕ ಹಾಕಿದ್ದಾರೆ. ಮದುವೆಗೆ ಮೊದಲು ತಮ್ಮಿಂದ ಮುಚ್ಚಿಟ್ಟ ಸಂಗತಿಯೊಂದರ ದುಡಿಮೆ ಈಗ ತಮ್ಮ ತಲೆಗೇ ಬರುತ್ತದೆಂದು ಒಬ್ಬ ಹೆಣ್ಣುಮಗಳು ಹೆದರಿದರೆ ಅದರಲ್ಲಿ ತಪ್ಪೇನೂ ಇಲ್ಲ. ಆ ಮುಚ್ಚಿಟ್ಟ ಮಾತಿಗಾಗಿ ನಿಮ್ಮ ಮನೆಯವರ ಪರವಾಗಿ ನೀವು ಮೊದಲು ಕ್ಷಮೆ ಕೇಳಿ; ಕರೆತರುವ ಚರ್ಚೆ ಆಮೇಲೆ.

ಒಂದು ಮಾತನ್ನು ಮಾತ್ರ ತಡಮಾಡದೆ ವಿಚಾರಿಸಬೇಕು. ಅಣ್ಣ ಅಲ್ಲಿ ಚೆನ್ನಾಗಿದ್ದಾರೆಯೇ? ತೂಕ ಸರಿಯಾಗಿದೆಯೇ, ಹಲ್ಲುಗಳನ್ನು ಯಾರಾದರೂ ನೋಡಿದ್ದಾರೆಯೇ, ಮಾತ್ರೆ ನುಂಗುತ್ತಿದ್ದರೆ ಅದನ್ನು ವೈದ್ಯರು ಕೊನೆಯ ಬಾರಿ ಪರಿಶೀಲಿಸಿದ್ದು ಯಾವಾಗ, ಮೈಮೇಲೆ ಕಾರಣ ಗೊತ್ತಿಲ್ಲದ ಗಾಯಗಳಿವೆಯೇ? ಉತ್ತರಗಳು ಅಳುಕು ಹುಟ್ಟಿಸಿದರೆ ನಾನು ಈವರೆಗೆ ಹೇಳಿದ ನಿಧಾನ ಅನ್ವಯಿಸದು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ತೋರಿಸಿ, ಇನ್ನೊಂದು ಒಳ್ಳೆಯ ಕೇಂದ್ರ ಹುಡುಕುವುದೇ ಆಗ ಮೊದಲ ಕೆಲಸ.

ಆಸ್ತಿಯ ವಿಷಯದಲ್ಲಿ ನೀವು ನಿಮ್ಮ ಮೇಲೆಯೇ ಅನುಮಾನಪಟ್ಟಿರುವುದು ನನಗೆ ಹಿಡಿಸಿತು. ಉದ್ದೇಶ ಪೂರ್ತಿ ಶುದ್ಧವಾಗುವವರೆಗೆ ಕಾಯುವ ಅಗತ್ಯವಿಲ್ಲ, ಲೆಕ್ಕ ಶುದ್ಧವಾಗಿದ್ದರೆ ಸಾಕು. ಸ್ವಂತ ಗಳಿಕೆಯನ್ನು ಯಾರಿಗೆ ಬರೆಯಬೇಕೆಂಬುದು ನಿಮ್ಮ ತಂದೆಯ ಹಕ್ಕಾಗಿತ್ತು. 18 ತುಂಬಿದ ಮೇಲೆ ಅಂಗವೈಕಲ್ಯವಿರುವ ಮಗನಿಗೂ ತಾಯಿ ತಂದೆ ತಾವಾಗಿಯೇ ಕಾನೂನುಬದ್ಧ ಪೋಷಕರಾಗಿ ಉಳಿಯುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯ ಪ್ರಕಾರ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ ಪೋಷಕರನ್ನು ನೇಮಿಸಿಕೊಳ್ಳಬೇಕು. ಜಿಲ್ಲಾಧಿಕಾರಿಗಳು ಅದರ ಸದಸ್ಯರು. ನೇಮಕಗೊಂಡವರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿ ಕೊಡಬೇಕು, ಪ್ರತಿ ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು. ಅಮ್ಮ ಆರೋಗ್ಯವಾಗಿರುವಾಗಲೇ ಅವರಿಂದ ಅರ್ಜಿ ಹಾಕಿಸಿ. ಅಂಗವೈಕಲ್ಯ ಪ್ರಮಾಣಪತ್ರ ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗಿನ ನಿರಾಮಯ ಆರೋಗ್ಯ ವಿಮೆಗೂ ಅದು ಬೇಕಾಗುತ್ತದೆ.

ಅಮ್ಮ ಏಕೆ ಅಳುತ್ತಾರೆ ಎಂಬುದನ್ನು ನೀವು ಬರೆದಿಲ್ಲ, ಬಹುಶಃ ಕೇಳಿಯೂ ಇಲ್ಲ. ಚಿತ್ರದ ರೇಮಂಡ್‌ನನ್ನೂ ಮಗುವಾಗಿದ್ದ ತಮ್ಮನಿಗೆ ಬಿಸಿನೀರಿನಿಂದ ಅಪಾಯವಾಗುತ್ತದೆಂಬ ಭಯದಿಂದಲೇ ದೂರ ಕಳಿಸಿದ್ದರು. ನಿಮ್ಮ ಹಣೆಯ ಗಾಯಕ್ಕೂ ಅಣ್ಣ ಮನೆ ಬಿಟ್ಟದ್ದಕ್ಕೂ ನೀವು ಹೊಣೆಯಲ್ಲ. ಹನ್ನೆರಡು ವರ್ಷದ ಆ ಹುಡುಗನೂ ಅಲ್ಲ. ನಿಮ್ಮ ತಂದೆತಾಯಿಯನ್ನು ಕಟಕಟೆಗೆ ನಿಲ್ಲಿಸುವ ಮುನ್ನ ಅಂದಿನ ದಿನಗಳನ್ನು ನೆನೆಯಿರಿ. 1995ರಲ್ಲಿ ಅಂಗವಿಕಲರಿಗಾಗಿ ಬಂದ ಕಾಯ್ದೆಯ ಪಟ್ಟಿಯಲ್ಲಿ ಕೂಡ ಆಟಿಸಂ ಹೆಸರಿರಲಿಲ್ಲ, ನೆಂಟರಿಷ್ಟರು ಹಡೆದವಳನ್ನೇ ದೂರುತ್ತಿದ್ದರು. ಅಮ್ಮನಿಗೆ ಮಗನನ್ನು ನೋಡುವ ಆಸೆ ಇದೆಯೇ, ಅಂಜಿಕೆ ಇದೆಯೇ ಎಂದು ಮೆಲ್ಲಗೆ ಕೇಳಿ. ಹೋಗಲು ಒಪ್ಪಿದರೆ ಒಮ್ಮೆ ಜೊತೆಗೆ ಕರೆದೊಯ್ಯಿರಿ, ಅಲ್ಲಿ ಅವರು ಅಳದಿರುವಂತೆ ಮೊದಲೇ ಮಾತಾಡಿಕೊಳ್ಳಿ.

ಕಾರಿನ ಆಸೆಯನ್ನು ಪೂರ್ತಿ ಬಿಡಬೇಕಿಲ್ಲ. ಕೆಲವು ತಿಂಗಳ ನಂತರ, ಕೇಂದ್ರದ ಆಯಾ ಒಬ್ಬರು ಜೊತೆಗಿದ್ದು, ಹತ್ತಿರದ ಕೆರೆಯ ತನಕ ಹೋಗಿ ಮಧ್ಯಾಹ್ನದ ಊಟದ ಹೊತ್ತಿಗೆ ಮರಳಿ. ಮುಂದಿನ ಸಲ ಅವರಾಗಿಯೇ ಕಾರಿನತ್ತ ನಡೆದರೆ ಇನ್ನಷ್ಟು ದೂರ. ನಡೆಯದಿದ್ದರೆ ಆ ದಿನ ಕವರು ಅಂಟಿಸುವ ಕೆಲಸವೇ ಇರಲಿ. ನಿಮಗೆ ಮಕ್ಕಳಿದ್ದರೆ, ದೊಡ್ಡಪ್ಪ ಇದ್ದಾರೆ ಎಂಬುದನ್ನು ಈ ವಾರವೇ ಫೋಟೊ ತೋರಿಸಿ ಹೇಳಿ. ಅವರು ಕೇಳುವ ಪ್ರಶ್ನೆಗಳಲ್ಲಿ ನಿಮಗೆ ಉತ್ತರ ತಿಳಿಯದವನ್ನು ಬರೆದುಕೊಂಡು ಹೋಗಿ ಮುಂದಿನ ಶನಿವಾರ ಕೇಂದ್ರದವರನ್ನು ವಿಚಾರಿಸಿ.