ಎಲ್ಲ ಆಪರೇಟಿಂಗ್ ಸಿಸ್ಟಂಗೂ ಒಂದೇ ಪ್ಯಾಕೇಜ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಪೈಥಾನ್‌ನಲ್ಲಿ ಒಂದು ಚಿಕ್ಕ ವೆಬ್ ಫ್ರೇಮ್‌ವರ್ಕ್ ಬರೆದಿದ್ದೇವೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಬೇರೆ ಬೇರೆ ಪ್ಯಾಕೇಜ್ ಮಾಡಲೇಬೇಕೆ?

ಉತ್ತರ: ಕೋಡ್ ಪೂರ್ತಿ ಪೈಥಾನ್‌ನಲ್ಲೇ ಇದ್ದರೆ ಬೇಡ, ಒಂದೇ ವೀಲ್ (ನೇರವಾಗಿ ಇನ್‌ಸ್ಟಾಲ್ ಮಾಡಬಹುದಾದ ಪೈಥಾನ್ ಪ್ಯಾಕೇಜ್ ಫೈಲ್) ಸಾಕು. ವೀಲ್ ಫೈಲಿನ ಹೆಸರಿನ ಕೊನೆಯ ಮೂರು ತುಂಡುಗಳು ಪೈಥಾನ್ ಆವೃತ್ತಿ, ಎಬಿಐ (ಕಂಪೈಲ್ ಆದ ಕೋಡ್ ಪೈಥಾನ್‌ನೊಡನೆ ಹೊಂದಿಕೊಳ್ಳುವ ಬಗೆ) ಮತ್ತು ಪ್ಲಾಟ್‌ಫಾರ್ಮ್ ಯಾವುದೆಂದು ಹೇಳುತ್ತವೆ. ಅಲ್ಲಿ ‘ಪಿವೈ3-ನನ್-ಎನಿ’ ಎಂದಿದ್ದರೆ ಆ ಫೈಲ್ ಎಲ್ಲ ಕಡೆಯೂ ಇನ್‌ಸ್ಟಾಲ್ ಆಗುತ್ತದೆ.

ವೇಗಕ್ಕೆಂದು ಸಿ ಭಾಷೆಯ ಒಂದೇ ಒಂದು ಮಾಡ್ಯೂಲ್ ಸೇರಿಸಿದಿರೋ, ಲೆಕ್ಕ ಬದಲಾಯಿತು. ವಿಂಡೋಸ್‌ಗೆ 1, ಮ್ಯಾಕ್‌ನ ಇಂಟೆಲ್ ಮತ್ತು ಆಪಲ್ ಚಿಪ್‌ಗಳಿಗೆ 2, ಲಿನಕ್ಸ್‌ನ ಎರಡು ಬಗೆಯ ಪ್ರೊಸೆಸರ್‌ಗಳಿಗೆ ಜಿಲಿಬ್‌ಸಿ, ಮಸ್ಲ್ ಎಂಬ ಎರಡು ಮೂಲ ಸಿ ಲೈಬ್ರರಿಗಳೂ ಸೇರಿ 4, ಒಟ್ಟು 7. ಪೈಥಾನ್‌ನ 4 ಆವೃತ್ತಿಗಳಿಗೆ ಕೊಡುವುದಾದರೆ ಪ್ರತಿ ಬಿಡುಗಡೆಗೂ 28 ವೀಲ್. ಚಿಕ್ಕ ತಂಡಕ್ಕೆ ಇದು ಹೊರಲಾರದ ಹೊರೆ. ಸಿ ಭಾಗವನ್ನು ಪ್ರತ್ಯೇಕ ಪ್ಯಾಕೇಜ್ ಮಾಡಿ, ಬೇಕಾದವರು ಹಾಕಿಕೊಳ್ಳಲಿ. ಅದು ಇಲ್ಲದ ಕಡೆ ಅದೇ ಕೆಲಸವನ್ನು ಪೈಥಾನ್ ಕೋಡ್ ನಿಧಾನವಾಗಿಯಾದರೂ ಮಾಡಲಿ.

ಆ ಸಿ ಪ್ಯಾಕೇಜನ್ನು ನಿಮ್ಮ ಹೊಸ ಲಿನಕ್ಸ್ ಯಂತ್ರದಲ್ಲಿ ನೇರವಾಗಿ ಬಿಲ್ಡ್ ಮಾಡಬೇಡಿ. ಅದು ಆ ಯಂತ್ರದ ಜಿಲಿಬ್‌ಸಿಗೆ ಅಂಟಿಕೊಂಡು, ಹಳೆಯ ಸರ್ವರ್‌ಗಳಲ್ಲಿ ಲೋಡ್ ಆಗದೆ ನಿಲ್ಲುತ್ತದೆ. ಹಳೆಯ ಲಿನಕ್ಸ್ ಇರುವ ‘ಮೆನಿಲಿನಕ್ಸ್2014’ ಕಂಟೇನರ್‌ನಲ್ಲಿ ಬಿಲ್ಡ್ ಮಾಡಿದರೆ ಜಿಲಿಬ್‌ಸಿ 2.17 ಮತ್ತು ಅದಕ್ಕಿಂತ ಹೊಸದಿರುವ ಕಡೆಗಳಲ್ಲಿ ಓಡುತ್ತದೆ. ಆಲ್ಪೈನ್ ಎಂಬ ಲಿನಕ್ಸ್‌ನಲ್ಲಿ ಇರುವುದು ಮಸ್ಲ್. ಅದಕ್ಕೆ ‘ಮಸ್ಲ್‌ಲಿನಕ್ಸ್’ ವೀಲ್ ಬೇರೆಯೇ ಬೇಕು.

ಪ್ರಶ್ನೆ: ನಮ್ಮಲ್ಲಿ ಚೆನ್ನಾಗಿ ಓಡುತ್ತದೆ. ಪೈಥಾನ್‌ನ ಪ್ಯಾಕೇಜ್ ಸಾಧನ ಪಿಪ್‌ನಿಂದ ಇನ್‌ಸ್ಟಾಲ್ ಮಾಡಿಕೊಂಡವರಿಗೆ ಮಾತ್ರ ಟೆಂಪ್ಲೇಟ್ ಸಿಗಲಿಲ್ಲ ಎಂಬ ಎರರ್. ಏಕೆ?

ಉತ್ತರ: ಎಚ್‌ಟಿಎಂಎಲ್, ಸಿಎಸ್‌ಎಸ್ ಫೈಲುಗಳು ವೀಲ್‌ನೊಳಗೆ ಸೇರಿಲ್ಲದಿರುವ ಸಾಧ್ಯತೆಯೇ ಹೆಚ್ಚು. ವೀಲ್ ಎಂದರೆ ಒಂದು ಜಿಪ್ ಫೈಲ್. ‘ಪೈಥಾನ್ -ಎಂ ಜಿಪ್‌ಫೈಲ್ -ಎಲ್’ ಎಂದು ಬರೆದು ಮುಂದೆ ವೀಲ್ ಹೆಸರು ಕೊಟ್ಟರೆ ಒಳಗಿರುವುದೆಲ್ಲ ಕಾಣುತ್ತದೆ. ಪ್ಯಾಕೇಜ್ ಕಟ್ಟಲು ಸೆಟಪ್‌ಟೂಲ್ಸ್ ಬಳಸುವವರು ‘ಪ್ಯಾಕೇಜ್-ಡೇಟಾ’ದಲ್ಲಿ ಬರೆದ ಒಂಟಿ ನಕ್ಷತ್ರ (*) ಒಳಗಿನ ಫೋಲ್ಡರ್‌ಗಳಿಗೆ ಇಳಿಯುವುದಿಲ್ಲ ಎಂಬುದನ್ನು ಮರೆಯುತ್ತಾರೆ, ಅದಕ್ಕೆ ಜೋಡಿ ನಕ್ಷತ್ರ (**) ಬೇಕು.

ನಿಮ್ಮ ಕಣ್ಣಿಗೆ ಬೀಳದೇ ಇದ್ದುದಕ್ಕೂ ಕಾರಣವಿದೆ. ನೀವು ಓಡಿಸುವುದು ಸೋರ್ಸ್ ಫೋಲ್ಡರ್‌ನಲ್ಲಿ ನಿಂತು. ಪೈಥಾನ್ ಪಕ್ಕದಲ್ಲೇ ಇರುವ ಕೋಡನ್ನು ಎತ್ತಿಕೊಳ್ಳುತ್ತದೆ, ವೀಲ್‌ನತ್ತ ತಿರುಗಿಯೂ ನೋಡುವುದಿಲ್ಲ. ‘ಪೈಥಾನ್ -ಎಂ ಬಿಲ್ಡ್’ ಕೊಡಿ, ಬೇರೆ ಫೋಲ್ಡರ್‌ಗೆ ಹೋಗಿ, ಹೊಸ ವರ್ಚುವಲ್ ಎನ್ವಿರಾನ್ಮೆಂಟ್ (ಪ್ಯಾಕೇಜ್‌ಗಳನ್ನು ಬೇರೆಯಾಗಿಡುವ ಪೈಥಾನ್ ಜಾಗ) ಮಾಡಿ, ವೀಲ್ ಇನ್‌ಸ್ಟಾಲ್ ಮಾಡಿ, ಟೆಸ್ಟ್‌ಗಳನ್ನು ಅಲ್ಲಿ ಓಡಿಸಿ. ಮೂರೂ ಸಿಸ್ಟಂಗಳಲ್ಲಿ ಹೀಗೆ ಮಾಡಿದ ಮೇಲಷ್ಟೇ ಬಿಡುಗಡೆ.

ಎರರ್ ಲಿನಕ್ಸ್‌ನವರಿಗೆ ಮಾತ್ರ ಬರುತ್ತಿದ್ದರೆ ಫೈಲ್ ಹೆಸರಿನ ಅಕ್ಷರಗಳನ್ನು ನೋಡಿ. ವಿಂಡೋಸ್, ಮ್ಯಾಕ್‌ಗಳು ಸಾಮಾನ್ಯವಾಗಿ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದ ಮಾಡುವುದಿಲ್ಲ, ಲಿನಕ್ಸ್ ಮಾಡುತ್ತದೆ.

ಪ್ರಶ್ನೆ: ವಿಂಡೋಸ್‌ನಲ್ಲಿ ಇನ್‌ಸ್ಟಾಲ್ ಆಗುತ್ತದೆ, ಶುರು ಮಾಡಿದೊಡನೆ ಕೈಕೊಡುತ್ತದೆ. ಎಲ್ಲಿಂದ ಹುಡುಕಬೇಕು?

ಉತ್ತರ: ಮೊದಲು ಟೈಮ್‌ಜೋನ್. ಪೈಥಾನ್‌ನ ‘ಜೋನ್‌ಇನ್ಫೋ’ ಓದುವ ಡೇಟಾಬೇಸ್ ವಿಂಡೋಸ್‌ನಲ್ಲಿ ಇಲ್ಲ. ‘ಟಿಜೆಡ್‌ಡೇಟಾ’ ಪ್ಯಾಕೇಜನ್ನು ವಿಂಡೋಸ್‌ಗೆ ಮಾತ್ರ ಎಂಬ ಷರತ್ತಿನೊಡನೆ ಅವಲಂಬನೆಗಳ ಪಟ್ಟಿಗೆ ಸೇರಿಸಿ. ಆ ಷರತ್ತು ಪ್ಯಾಕೇಜಿನ ವಿವರಗಳ ಫೈಲಾದ ‘ಪೈಪ್ರಾಜೆಕ್ಟ್.ಟಾಮ್ಲ್’ನ ಪಟ್ಟಿಯಲ್ಲೇ ಇರಲಿ. ‘ಸೆಟಪ್.ಪಿವೈ’ ಒಳಗೆ ‘ಇಫ್’ ಹಾಕಿ ಪರೀಕ್ಷಿಸಿದರೆ ಅದು ವೀಲ್ ಬಿಲ್ಡ್ ಮಾಡುವಾಗ ಒಮ್ಮೆ ಓಡಿ ಮುಗಿಯುತ್ತದೆ. ನೀವು ಲಿನಕ್ಸ್‌ನಲ್ಲಿ ಬಿಲ್ಡ್ ಮಾಡಿದ್ದರೆ ವಿಂಡೋಸ್‌ನವರಿಗೂ ಲಿನಕ್ಸ್‌ನ ಪಟ್ಟಿಯೇ ಹೋಗುತ್ತದೆ. ಪಟ್ಟಿಯಲ್ಲಿ ಬರೆದ ಷರತ್ತನ್ನಾದರೋ ಪಿಪ್ ಇನ್‌ಸ್ಟಾಲ್ ಆಗುವ ಯಂತ್ರದಲ್ಲೇ ಪರಿಶೀಲಿಸುತ್ತದೆ.

ಆಮೇಲೆ ಫ್ರೇಮ್‌ವರ್ಕನ್ನು ಓಡಿಸುವ ವೆಬ್ ಸರ್ವರ್. ಗುನಿಕಾರ್ನ್ ಯುನಿಕ್ಸ್ ಬಗೆಯ ಸಿಸ್ಟಂಗಳಿಗೆ ಮಾಡಿದ್ದು, ವಿಂಡೋಸ್‌ನಲ್ಲಿ ಓಡುವುದಿಲ್ಲ, ವೇಟ್ರೆಸ್ ಎಂಬ ಸರ್ವರ್ ಓಡುತ್ತದೆ. ಯಾವುದನ್ನೂ ಕಡ್ಡಾಯ ಮಾಡದೆ ಐಚ್ಛಿಕವಾಗಿ ಕೊಡಿ. ಫೈಲ್ ತೆರೆಯುವಲ್ಲೆಲ್ಲ ಎನ್‌ಕೋಡಿಂಗ್ ಯುಟಿಎಫ್-8 ಎಂದು ಬರೆಯಿರಿ, ಇಲ್ಲವಾದರೆ ಕನ್ನಡ ಅಕ್ಷರವಿರುವ ಟೆಂಪ್ಲೇಟ್ ವಿಂಡೋಸ್‌ನಲ್ಲಿ ಕೆಡಬಹುದು.

ಕಮಾಂಡ್ ಶುರು ಮಾಡಲು ಶೆಲ್ ಸ್ಕ್ರಿಪ್ಟ್ ಬೇಡ. ‘ಪ್ರಾಜೆಕ್ಟ್.ಸ್ಕ್ರಿಪ್ಟ್ಸ್’ನಲ್ಲಿ ಒಂದು ಸಾಲು ಬರೆದರೆ ಪಿಪ್ ವಿಂಡೋಸ್‌ನಲ್ಲಿ ಎಕ್ಸ್‌ಇ ಫೈಲನ್ನೂ ಉಳಿದ ಕಡೆ ‘ಬಿನ್’ ಫೋಲ್ಡರ್‌ನಲ್ಲಿ ಸ್ಕ್ರಿಪ್ಟನ್ನೂ ತಾನೇ ಮಾಡಿಡುತ್ತದೆ.

ಪ್ರಶ್ನೆ: ಡೆಬಿಯನ್ 12ರಲ್ಲಿ ಪಿಪ್ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್’ (ಈ ಪೈಥಾನನ್ನು ಸಿಸ್ಟಂ ನೋಡಿಕೊಳ್ಳುತ್ತದೆ) ಎಂದು ತಡೆಯುತ್ತದೆ. ಬಳಕೆದಾರರಿಗೆ ಏನು ಹೇಳೋಣ?

ಉತ್ತರ: ತಡೆಯನ್ನು ದಾಟುವ ಆಯ್ಕೆಯನ್ನಾಗಲಿ ಸುಡೊ ಪಿಪ್ (ಅಡ್ಮಿನ್ ಅಧಿಕಾರದಿಂದ ಪಿಪ್ ಓಡಿಸುವುದು) ಅನ್ನಾಗಲಿ ದಯವಿಟ್ಟು ಕಲಿಸಬೇಡಿ. ಸಿಸ್ಟಂನ ಸಾಧನಗಳೂ ಅದೇ ಪೈಥಾನ್ ಬಳಸುತ್ತವೆ. ಅದರ ಲೈಬ್ರರಿ ಬದಲಾದರೆ ಅವು ಕೆಡಬಹುದು. ‘ಪೈಥಾನ್3-ವಿಎನ್ವ್’ ಪ್ಯಾಕೇಜನ್ನು ಡೆಬಿಯನ್‌ನ ಸ್ವಂತ ಸಾಧನ ಆಪ್ಟ್‌ನಿಂದ ಹಾಕಿಸಿ, ಪ್ರತಿ ಪ್ರಾಜೆಕ್ಟ್‌ಗೂ ಪ್ರತ್ಯೇಕ ಎನ್ವಿರಾನ್ಮೆಂಟ್ ಮಾಡಿಸಿ. ಅದನ್ನು ಸಕ್ರಿಯಗೊಳಿಸುವ ಫೈಲ್ ಲಿನಕ್ಸ್, ಮ್ಯಾಕ್‌ಗಳಲ್ಲಿ ‘ಬಿನ್’ ಒಳಗೆ, ವಿಂಡೋಸ್‌ನಲ್ಲಿ ‘ಸ್ಕ್ರಿಪ್ಟ್ಸ್’ ಒಳಗೆ ಇರುತ್ತದೆ. ನಿಮ್ಮ ಸೂಚನಾಪುಟದಲ್ಲಿ ಎರಡನ್ನೂ ಬರೆದಿಡಿ.