ರಾಡ್ಜರ್ಸ್ ಕತ್ತಿ 1682ರದ್ದಾ? ಟ್ಯಾಂಗ್ ಮೇಲಿನ ಅಚ್ಚು ಓದೋಣ

ಫೋಟೊ ನೋಡಿದೆ ಸರ್. ‘ಇದು 1682ರ ಕ್ಷೌರದ ಕತ್ತಿ ಅಂತ ಮಾರುವವರು ಹೇಳ್ತಿದ್ದಾರೆ, ನಂಬಬಹುದಾ?’ ಅಂತ ಕೇಳಿದ್ದೀರಿ. ನಂಬಬೇಡಿ. 1682 ಇಂಗ್ಲೆಂಡಿನ ಶೆಫೀಲ್ಡಿನ ಜೋಸೆಫ್ ರಾಡ್ಜರ್ಸ್ ಕಂಪನಿ ತನ್ನ ಹುಟ್ಟಿನ ವರ್ಷ ಅಂತ ಹೇಳಿಕೊಳ್ಳುವುದು. ನಿಮ್ಮ ಕೈಯಲ್ಲಿರುವ ಅಲಗಿಗೂ ಅದಕ್ಕೂ ಸಂಬಂಧವಿಲ್ಲ. ಜರ್ಮನಿಯ ಜೊಲಿಂಗನ್ನಿನ ಹೆಂಕೆಲ್ಸ್ ಕೂಡ ಹೀಗೇ. ಅವರ ಅವಳಿ ಗೊಂಬೆಯ ಗುರುತು 1731ರದ್ದು, ಆದರೆ ಅದೇ ಗುರುತು ಇವತ್ತಿನ ಅಡುಗೆಮನೆ ಚಾಕುವಿನ ಮೇಲೂ ಇದೆ.

ಕಾಲ ತಿಳಿಯಬೇಕಾದರೆ ಅಲಗಿನ ಮೇಲಿನ ಚಿತ್ತಾರ ಬಿಟ್ಟು ಟ್ಯಾಂಗ್ ನೋಡಿ, ಅಂದರೆ ಅಲಗು ಮುಗಿದು ಹಿಡಿಕೆಯೊಳಗೆ ಹೋಗುವ ದಪ್ಪ ಭಾಗ. ನಿಮ್ಮದರಲ್ಲಿ ಕಿರೀಟ, ಅದರ ಎರಡು ಬದಿಗೆ ವಿ ಮತ್ತು ಆರ್, ಕೆಳಗೆ ‘ಕಟ್ಲರ್ಸ್ ಟು ಹರ್ ಮೆಜೆಸ್ಟಿ’ (ರಾಣಿಯವರಿಗೆ ಕತ್ತಿ ಮಾಡಿಕೊಡುವವರು) ಅಂತಿದೆ. ‘ಹರ್’ ಅಂದರೆ ರಾಣಿ, ವಿಕ್ಟೋರಿಯಾ. ಅಲ್ಲಿಗೆ 1837ರಿಂದ 1901ರ ನಡುವೆ ಅಂತಾಯಿತು. ಡಬ್ಲ್ಯು ಆರ್ ಇದ್ದಿದ್ದರೆ ನಾಲ್ಕನೇ ವಿಲಿಯಂ, 1830-37. ‘ಹಿಸ್ ಮೆಜೆಸ್ಟಿ’ ಒಂದೇ ಇದ್ದರೆ ಮಾತ್ರ ತಲೆನೋವು, ವಿಕ್ಟೋರಿಯಾಗಿಂತ ಮುಂಚಿನದೂ ಆಗಬಹುದು, 1901ರ ನಂತರದ್ದೂ ಆಗಬಹುದು.

ಇನ್ನೊಂದು ಸುಳಿವು ದೇಶದ ಹೆಸರು. ಅಮೆರಿಕಕ್ಕೆ ಹೋಗುವ ಸರಕಿನ ಮೇಲೆ ತಯಾರಾದ ದೇಶದ ಹೆಸರು ಇರಲೇಬೇಕು ಅಂತ 1890ರ ಮೆಕಿನ್ಲೆ ಸುಂಕದ ಕಾನೂನು ಹೇಳಿತು, 1891ರ ಮಾರ್ಚ್‌ನಿಂದ ಜಾರಿಗೆ ಬಂತು. ಹಾಗಾಗಿ ‘ಇಂಗ್ಲೆಂಡ್’ ಅಂತ ಅಚ್ಚಿದ್ದರೆ ಬಹುತೇಕ ಆಮೇಲಿನದು. ಇಲ್ಲದಿದ್ದರೆ ಹಳೆಯದೇ ಅಂತ ಹೇಳಲಾಗದು, ಬೇರೆ ದೇಶಗಳಿಗೆ ಹೋದ ಮಾಲಿಗೆ ಆ ಕಟ್ಟುಪಾಡು ಇರಲಿಲ್ಲ. ಜರ್ಮನ್ ಕತ್ತಿಗಳಲ್ಲಿ ‘ವೆಸ್ಟ್ ಜರ್ಮನಿ’ ಇದ್ದರೆ 1949-90, ಅದರಲ್ಲಿ ಗೊಂದಲವೇ ಇಲ್ಲ.

ರಾಡ್ಜರ್ಸ್ ಹೆಸರಿನ ನಕಲು ಆ ಕಾಲದಲ್ಲೇ ಧಾರಾಳವಾಗಿತ್ತು. 1764ರಲ್ಲಿ ಅವರಿಗೆ ಸಿಕ್ಕ ಗುರುತು ನಕ್ಷತ್ರ ಮತ್ತು ಮಾಲ್ಟೀಸ್ ಶಿಲುಬೆ. ಎರಡೂ ಇವೆಯಾ, ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ (Rodgers) ‘ಡಿ’ ಇದೆಯಾ ಅಂತ ಭೂತಗನ್ನಡಿ ಹಿಡಿದು ನೋಡಿ. ಗುರುತು ಮಸುಕಾಗಿದೆ ಅಂತ ತಂತಿ ಬ್ರಷ್ಷಾಗಲಿ ಬಫಿಂಗ್ ಚಕ್ರವಾಗಲಿ ತಾಗಿಸಬೇಡಿ. ಅಚ್ಚು ಸವೆದರೆ ಕತ್ತಿಯ ಬೆಲೆಯೂ ಹೋಯಿತು. ಹೊಲಿಗೆ ಯಂತ್ರದ ಎಣ್ಣೆ ನಾಲ್ಕು ಹನಿ ಬಿಟ್ಟು ಒಂದು ದಿನ ಇಡಿ, ಹಲ್ಲುಕಡ್ಡಿಯಿಂದ ಅಕ್ಷರದ ಸಂದಿಯ ಕೊಳೆ ಎಬ್ಬಿಸಿ, ಹತ್ತಿಬಟ್ಟೆಯಲ್ಲಿ ಒರೆಸಿ.

ನಿಮ್ಮ ಎರಡನೇ ಕತ್ತಿಯ ‘ಸಿಲ್ವರ್ ಸ್ಟೀಲ್’ ನೋಡಿ ಬೆಳ್ಳಿಯ ಲೆಕ್ಕ ಹಾಕಬೇಡಿ. ಇದರ ಬೇರು ನಮ್ಮ ಕಡೆಯೇ ಇದೆ. ದಕ್ಷಿಣ ಭಾರತದ ಮೂಸೆ ಉಕ್ಕನ್ನು ಬ್ರಿಟಿಷರು ‘ವೂಟ್ಜ್’ ಅಂದರು, ಆ ಪದ ನಮ್ಮ ‘ಉಕ್ಕು’ವಿನದೇ ಅಪಭ್ರಂಶ ಅನ್ನುವುದು ಹೆಚ್ಚಿನವರು ಒಪ್ಪುವ ಮಾತು. ಅಂಥ ಉಕ್ಕು ಮಾಡಲು ಹೊರಟ ಲಂಡನ್ನಿನ ಕತ್ತಿ ತಯಾರಕ ಜೇಮ್ಸ್ ಸ್ಟೋಡಾರ್ಟ್ ಮತ್ತು ಮೈಕೆಲ್ ಫ್ಯಾರಡೆ 1820ರ ಸುಮಾರಿಗೆ ಉಕ್ಕಿಗೆ ಬೇರೆಬೇರೆ ಲೋಹ ಬೆರೆಸಿ ನೋಡಿದರು. 500 ಪಾಲು ಉಕ್ಕಿಗೆ ಒಂದು ಪಾಲು ಬೆಳ್ಳಿ ಚೆನ್ನಾಗಿ ಕೂತಿತು. ಆಮೇಲೆ ಆ ಹೆಸರನ್ನು ಎಲ್ಲರೂ ಹೊಡೆದುಕೊಂಡರು. ಅಚ್ಚು ಇದ್ದಾಕ್ಷಣ ಒಳಗೆ ಬೆಳ್ಳಿ ಇದೆ ಅಂತಲ್ಲ.

ಬೆಲೆ ಮಾತಾಡುವ ಮುಂಚೆ ಅಲಗನ್ನು ಬೆಳಕಿಗೆ ಹಿಡಿಯಿರಿ. ಬೆನ್ನಿನ ಮೇಲೆ ಚಪ್ಪಟೆ ಹೊಳೆಯುವ ಪಟ್ಟಿ ಅಗಲವಾಗಿದ್ದರೆ ಸಾಣೆಕಲ್ಲಿಗೆ ಅತಿಯಾಗಿ ಉಜ್ಜಿದ್ದಾರೆ. ಬೆನ್ನು ಸವೆದಷ್ಟೂ ಮಸೆಯುವ ಕೋನ ಕೆಡುತ್ತದೆ, ಬಾಯಿ ಬೇಗ ಮುರಿಯುತ್ತದೆ. ಬಾಯಿಯಿಂದ ಮೇಲಕ್ಕೆ ಕೂದಲೆಳೆಯಂಥ ಬಿರುಕು ಕಂಡರೆ ಬಿಟ್ಟುಬಿಡಿ, ಅದಕ್ಕೆ ಮದ್ದಿಲ್ಲ.

ಹಿಡಿಕೆ ದಂತದ್ದು ಅಂದರೆ ಅಲ್ಲೇ ಕೈಬಿಡಿ. ಎಷ್ಟೇ ಹಳೆಯದಾದರೂ ದಂತ ಕೊಳ್ಳುವುದು, ಮಾರುವುದು ನಮ್ಮ ವನ್ಯಜೀವಿ ಕಾಯ್ದೆಯಡಿ ಅಪರಾಧ. ಸೆಲ್ಯುಲಾಯ್ಡ್, ಅಂದರೆ ಹಳೆಯ ಬಗೆಯ ಪ್ಲಾಸ್ಟಿಕ್ ಹಿಡಿಕೆಯ ತೊಂದರೆ ಬೇರೆ. ಕೊಳೆಯತೊಡಗಿದರೆ ಅದರಿಂದ ಆಮ್ಲದ ಆವಿ ಬಂದು ಹಿಡಿಕೆಯೊಳಗೆ ಮಡಚಿಟ್ಟ ಅಲಗನ್ನೇ ತುಕ್ಕು ತಿನ್ನುತ್ತದೆ, ಪಕ್ಕದಲ್ಲಿಟ್ಟ ಕತ್ತಿಗೂ ಹಿಡಿಯುತ್ತದೆ. ಬಿಸಿ ಸೂಜಿ ಚುಚ್ಚಿ ಪರೀಕ್ಷೆ ಮಾಡಲು ಹೋಗಬೇಡಿ, ಭಗ್ಗನೆ ಹೊತ್ತಿಕೊಳ್ಳುತ್ತದೆ. ಫೋಟೊದಲ್ಲಿ ನಿಮ್ಮದು ಎಮ್ಮೆ ಕೊಂಬಿನಂತೆ ಕಾಣುತ್ತಿದೆ. ಟ್ಯಾಂಗಿನ ಇನ್ನೊಂದು ಬದಿಯ ಫೋಟೊ ಹಾಕಿ, ನೋಡಿ ಹೇಳ್ತೀನಿ.